ಕಾನ್ರಾಡ್‌ನ ಮೊದಲ ಓದುಗ: ಎಡ್ವರ್ಡ್ ಗಾರ್ನೆಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹಿಂದೆ ಇಂಗ್ಲಿಷ್ ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಬಗ್ಗೆ ಬರೆಯುವಾಗ, ಪ್ರಕಾಶಕರಿಗಾಗಿ ಹಸ್ತಪ್ರತಿ ಓದುತ್ತಿದ್ದ ಎಡ್ವರ್ಡ್ ಗಾರ್ನೆಟ್ ಅನ್ನೋ ಹೆಸರನ್ನು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೆ. ಅದನ್ನೇ ಹಿಡಿದುಕೊಂಡು ತುಂಬ ಜನ ಕೇಳಿದ್ದೀರಿ. ಒಳ್ಳೆಯದೇ ಆಯಿತು. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಪೂರ್ತಿ ಜಾಗವನ್ನು ಈ ಮನುಷ್ಯನಿಗೇ ಕೊಡುತ್ತಿದ್ದೇನೆ. ಇಂಗ್ಲಿಷ್ ಕಾದಂಬರಿ ಇಷ್ಟಪಡುವವರು ಈತನನ್ನು ತಿಳಿದುಕೊಳ್ಳಲೇಬೇಕು.

ಪ್ರಶ್ನೆ: ಕಾನ್ರಾಡ್, ಗಾಲ್ಸ್‌ವರ್ದಿ, ಡಿ. ಎಚ್. ಲಾರೆನ್ಸ್ ಮೂವರೂ ಒಬ್ಬನಿಗೇ ಪುಸ್ತಕ ಅರ್ಪಿಸಿದ್ದಾರೆ. ಯಾರೀತ? ಅಷ್ಟು ದೊಡ್ಡವನಾಗಿದ್ದರೆ ಹೆಸರೇಕೆ ಕೇಳಿಲ್ಲ?

ಉತ್ತರ: ಸರಿಯಾಗಿ ಗಮನಿಸಿದ್ದೀರಿ. ನಾರ್ಸಿಸಸ್ ಎಂಬ ಹಡಗಿನ ಬಗ್ಗೆ ಕಾನ್ರಾಡ್ ಬರೆದ 1897ರ ಕಾದಂಬರಿ, ಗಾಲ್ಸ್‌ವರ್ದಿಯ 'ದಿ ಮ್ಯಾನ್ ಆಫ್ ಪ್ರಾಪರ್ಟಿ' (1906), ಲಾರೆನ್ಸ್‌ನ 'ಸನ್ಸ್ ಅಂಡ್ ಲವರ್ಸ್' (1913), ಮೂರರ ಅರ್ಪಣೆಯ ಪುಟದಲ್ಲೂ ಗಾರ್ನೆಟ್ ಹೆಸರಿದೆ. ಅರೇಬಿಯಾದ ಲಾರೆನ್ಸ್ ಎಂದು ಹೆಸರಾದ ಟಿ. ಇ. ಲಾರೆನ್ಸ್ ಕೂಡ ತನ್ನ 'ದಿ ಮಿಂಟ್' ಪುಸ್ತಕವನ್ನು ಈತನಿಗೇ ಅರ್ಪಿಸಿದ್ದಾನೆ.

ಗಾರ್ನೆಟ್ ಹುಟ್ಟಿದ್ದು 1868ರ ಜನವರಿಯಲ್ಲಿ, ಲಂಡನ್ನಿನಲ್ಲಿ. ಅಪ್ಪ ರಿಚರ್ಡ್ ಗಾರ್ನೆಟ್ ಬ್ರಿಟಿಷ್ ಮ್ಯೂಸಿಯಮ್ಮಿನ ಲೈಬ್ರರಿಯಲ್ಲಿ ದೊಡ್ಡ ಹೆಸರು, ಮುದ್ರಿತ ಪುಸ್ತಕಗಳ ವಿಭಾಗಕ್ಕೆ ಮುಖ್ಯಸ್ಥನಾಗಿದ್ದವನು. ಹುಡುಗ ಪುಸ್ತಕಗಳ ನಡುವೆಯೇ ಬೆಳೆದ, ಆದರೆ ಹದಿನಾರರ ಸುಮಾರಿಗೆ ಶಾಲೆ ಬಿಟ್ಟ. ಕಾಲೇಜಿನ ಮೆಟ್ಟಿಲು ಹತ್ತಲೇ ಇಲ್ಲ. 1887ರಲ್ಲಿ ಟಿ. ಫಿಶರ್ ಅನ್ವಿನ್ ಎಂಬ ಪ್ರಕಾಶಕರಲ್ಲಿ ಕೆಲಸಕ್ಕೆ ಸೇರಿದ. ಪುಸ್ತಕಗಳನ್ನು ಕಟ್ಟಿ ಪಾರ್ಸೆಲ್ ಮಾಡುವ ಕೆಲಸ ಅದು. ಪಾರ್ಸೆಲ್ ಕಟ್ಟುತ್ತಿದ್ದ ಹುಡುಗ ಬೇಗನೆ ಹಸ್ತಪ್ರತಿ ಓದುವ ಮೇಜಿಗೆ ಬಂದ, ಅಂದರೆ ಪ್ರಕಾಶಕರ ರೀಡರ್ ಆದ. ಅಲ್ಲಿಂದ 1937ರಲ್ಲಿ ಸಾಯುವವರೆಗೆ ಆತನ ಜೀವನ ಬಹುಪಾಲು ಅದೇ ಕೆಲಸದಲ್ಲಿ ಕಳೆಯಿತು. ಅನ್ವಿನ್ ಬಿಟ್ಟ ಮೇಲೆ ಹೈನ್‌ಮನ್, ಆಮೇಲೆ ಡಕ್‌ವರ್ತ್, ಕೊನೆಗೆ 1921ರಲ್ಲಿ ಹೊಸದಾಗಿ ಶುರುವಾದ ಜೊನಾಥನ್ ಕೇಪ್. ನಡುವೆ ಮೊದಲ ಮಹಾಯುದ್ಧದಲ್ಲಿ ಸ್ವಲ್ಪ ಕಾಲ ಇಟಲಿಯಲ್ಲಿ ಆಂಬುಲೆನ್ಸ್ ಘಟಕದ ಜೊತೆ ಗಾಯಾಳುಗಳ ಸೇವೆಗೂ ಹೋಗಿದ್ದ.

ಹೆಸರೇಕೆ ಕೇಳಿಲ್ಲ ಅನ್ನುವುದಕ್ಕೆ ಮುಂದಿನ ಪ್ರಶ್ನೆಯಲ್ಲೇ ಉತ್ತರ ಇದೆ.

ಪ್ರಶ್ನೆ: 'ಪ್ರಕಾಶಕರ ರೀಡರ್' ಅಂದರೆ ಏನು ಕೆಲಸ? ಪ್ರೂಫ್ ನೋಡುವವರಾ?

ಉತ್ತರ: ಅಲ್ಲ. ಪ್ರೂಫ್ ನೋಡುವುದು ಪುಸ್ತಕ ಅಚ್ಚಾಗುವಾಗಿನ ಕೆಲಸ. ರೀಡರ್ ಕೆಲಸ ಅದಕ್ಕಿಂತ ತುಂಬ ಮೊದಲಿನದು. ಯಾರ್ಯಾರೋ ಕಳಿಸಿದ ಹಸ್ತಪ್ರತಿಗಳ ಕಟ್ಟು ಬಂದು ಬೀಳುತ್ತದೆ. ಅದನ್ನು ಓದಿ ಮಾಲೀಕರಿಗೆ ಒಂದು ವರದಿ ಕೊಡಬೇಕು: ಇದು ಹೇಗಿದೆ, ಪ್ರಕಟಿಸಬಹುದಾ, ಏನು ತಿದ್ದಬೇಕು, ಮಾರಾಟ ಆಗುತ್ತಾ. ವರದಿ ಕಚೇರಿಯ ಒಳಗಿನ ಕಾಗದ, ಹೊರಗಿನವರು ನೋಡುವಂಥದ್ದಲ್ಲ. ಪುಸ್ತಕ ಗೆದ್ದರೆ ಹೆಸರು ಲೇಖಕನಿಗೆ, ದುಡ್ಡು ಪ್ರಕಾಶಕನಿಗೆ. ರೀಡರ್ ಹೆಸರು ಎಲ್ಲೂ ಇರುವುದಿಲ್ಲ. ಹಾಗಾಗಿಯೇ ನೀವು ಕೇಳಿರಲಿಲ್ಲ.

ಗಾರ್ನೆಟ್ ಈ ಕೆಲಸವನ್ನು ವರದಿಗೆ ನಿಲ್ಲಿಸಲಿಲ್ಲ. ಹಸ್ತಪ್ರತಿಯಲ್ಲಿ ಜೀವ ಇದೆ ಅನ್ನಿಸಿದರೆ ಬರೆದವರನ್ನು ಕರೆಸುತ್ತಿದ್ದ, ಉದ್ದುದ್ದ ಪತ್ರ ಬರೆಯುತ್ತಿದ್ದ, ಊಟಕ್ಕೆ ಕೂರಿಸುತ್ತಿದ್ದ. ಲಂಡನ್ನಿನ ಸೋಹೋದಲ್ಲಿ, ಜೆರಾರ್ಡ್ ಬೀದಿಯ ಮಾಂಟ್ ಬ್ಲಾಂಕ್ ಅನ್ನೋ ರೆಸ್ಟೋರೆಂಟಿನಲ್ಲಿ ಮಂಗಳವಾರ ಮಧ್ಯಾಹ್ನ ಆತನ ಸುತ್ತ ಲೇಖಕರು ಸೇರುತ್ತಿದ್ದರು. ಕೆಂಟ್ ಮತ್ತು ಸರ್ರೆ ಗಡಿಯ ಹಳ್ಳಿಗಾಡಿನಲ್ಲಿ 1896ರ ಹೊತ್ತಿಗೆ ಕಟ್ಟಿಸಿದ 'ದಿ ಸರ್ನ್' ಎಂಬ ಕಲ್ಲಿನ ಮನೆಗೂ ಹೊಸಬರು ಬಂದು ಉಳಿಯುತ್ತಿದ್ದರು. ಸಂಬಳ ಕೊಡುತ್ತಿದ್ದದ್ದು ಪ್ರಕಾಶಕರು, ಆದರೆ ಆತನ ಒಲವು ಲೇಖಕರ ಕಡೆಗಿತ್ತು. ಒಳ್ಳೆಯ ರೀಡರ್ ಆಗಲು ಇದೇ ಮೊದಲ ಲಕ್ಷಣ ಅಂತ ನನಗನ್ನಿಸುತ್ತದೆ, ಮಾಲೀಕರಿಗೆ ಎಷ್ಟೇ ಇರುಸುಮುರುಸಾದರೂ.

ಪ್ರಶ್ನೆ: ಗಾರ್ನೆಟ್ ಇಲ್ಲದಿದ್ದರೆ ಕಾನ್ರಾಡ್ ಹಡಗಿಗೇ ವಾಪಸ್ ಹೋಗುತ್ತಿದ್ದ ಅಂತಾರೆ. ನಿಜವಾ, ಉತ್ಪ್ರೇಕ್ಷೆನಾ?

ಉತ್ತರ: ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

1894ರ ಜುಲೈನಲ್ಲಿ ಅನ್ವಿನ್ ಕಚೇರಿಗೆ ಒಂದು ಹಸ್ತಪ್ರತಿ ಬಂತು, 'ಆಲ್ಮೇಯರ್ಸ್ ಫಾಲಿ'. ಮೇಲೆ 'ಕಮುದಿ' ಅನ್ನೋ ಗುಪ್ತನಾಮ. ಕಳಿಸಿದವನು ಪೋಲೆಂಡ್ ಮೂಲದ ಹಡಗಿನ ಅಧಿಕಾರಿ. ಇಂಗ್ಲಿಷ್ ಆತನ ಮೂರನೇ ಭಾಷೆ, ಇಪ್ಪತ್ತು ದಾಟಿದ ಮೇಲೆ ಕಲಿತದ್ದು. ಕಚೇರಿಯಲ್ಲಿ ಡಬ್ಲ್ಯೂ. ಎಚ್. ಚೆಸನ್ ಎಂಬ ಇನ್ನೊಬ್ಬ ರೀಡರ್ ಮೊದಲು ಓದಿ ಗಾರ್ನೆಟ್‌ಗೆ ದಾಟಿಸಿದ. ಇದನ್ನು ಹೇಳಲೇಬೇಕು, ಯಾಕೆಂದರೆ ಚೆಸನ್‌ಗೆ ಸಲ್ಲಬೇಕಾದ ಪಾಲನ್ನು ಸಾಮಾನ್ಯವಾಗಿ ಎಲ್ಲರೂ ಗಾರ್ನೆಟ್‌ಗೇ ಕೊಟ್ಟುಬಿಡುತ್ತಾರೆ. ಇಬ್ಬರೂ ಹೌದು ಅಂದರು. ಪೂರ್ತಿ ಹಕ್ಕಿಗೆ ಕಾನ್ರಾಡ್‌ಗೆ ಸಿಕ್ಕಿದ್ದು 20 ಪೌಂಡ್. ಪುಸ್ತಕ 1895ರ ಏಪ್ರಿಲ್‌ನಲ್ಲಿ ಬಂತು, ಆಗ ಲೇಖಕನಿಗೆ 37.

ಒಂದು ಕಾದಂಬರಿ ಬರೆದ ಮಾತ್ರಕ್ಕೆ ಆತ ಲೇಖಕನಾಗಲಿಲ್ಲ. ಆತನ ಮನಸ್ಸು ಇನ್ನೂ ಡೋಲಾಯಮಾನವಾಗಿತ್ತು, ಹಡಗಿನ ಕೆಲಸ ಹುಡುಕುತ್ತಲೇ ಇದ್ದ. ಆ ಹೊತ್ತಲ್ಲಿ ಗಾರ್ನೆಟ್ ಆಡಿದ ಮಾತನ್ನು ಕಾನ್ರಾಡ್ ಎಷ್ಟೋ ವರ್ಷಗಳ ನಂತರ ತನ್ನ ಎರಡನೇ ಕಾದಂಬರಿಯ ಮುನ್ನುಡಿಯಲ್ಲಿ ನೆನಪು ಮಾಡಿಕೊಂಡಿದ್ದಾನೆ. ನಿನಗೆ ಶೈಲಿ ಇದೆ, ಅದಕ್ಕೆ ತಕ್ಕ ಮನೋಧರ್ಮ ಇದೆ, ಇನ್ನೊಂದು ಯಾಕೆ ಬರೆಯಬಾರದು ಅಂತ ಗಾರ್ನೆಟ್ ಕೇಳಿದನಂತೆ. ಬರೆಯುತ್ತಲೇ ಇರು ಅಂದಿದ್ದರೆ ಹೆದರಿ ಓಡಿಬಿಡುತ್ತಿದ್ದೆ, ಇನ್ನೊಂದೇ ಒಂದು ಅಂದಾಗ ಆಗಬಹುದು ಅನ್ನಿಸಿತು ಅಂತ ಕಾನ್ರಾಡ್ ಹೇಳುತ್ತಾನೆ. ಆಗ ಗಾರ್ನೆಟ್‌ಗೆ ಇನ್ನೂ 26 ವರ್ಷ. ತನಗಿಂತ ಹತ್ತು ವರ್ಷ ದೊಡ್ಡವನ ಅಳುಕನ್ನು ಆ ವಯಸ್ಸಿನಲ್ಲಿ ಹೀಗೆ ಹಿಡಿದನಲ್ಲ, ಅದು ನನಗೆ ಈಗಲೂ ದೊಡ್ಡ ವಿಷಯ. ಹಾಗೆ ಬಂದದ್ದು 'ಆ್ಯನ್ ಔಟ್‌ಕಾಸ್ಟ್ ಆಫ್ ದಿ ಐಲ್ಯಾಂಡ್ಸ್' (1896). ಬರೆದ ಹಾಗೆಲ್ಲ ಅಧ್ಯಾಯಗಳು ಗಾರ್ನೆಟ್ ಕೈಗೆ ಹೋಗುತ್ತಿದ್ದವು. ಸರಿಯಾಗಿಲ್ಲದ್ದನ್ನು ಆತ ಸರಿಯಾಗಿಲ್ಲ ಅಂತಲೇ ಹೇಳುತ್ತಿದ್ದ. ಅದಾದ ಮೇಲೆ ಕಾನ್ರಾಡ್ ಹಿಡಿದ 'ದಿ ಸಿಸ್ಟರ್ಸ್' ಅನ್ನೋ ಕಾದಂಬರಿಯನ್ನು ಅರ್ಧಕ್ಕೇ ಕೈಬಿಟ್ಟದ್ದೂ ಗಾರ್ನೆಟ್ ಮಾತಿನಿಂದಲೇ.

ಹಾಗಂತ ಇದು ಬರೀ ಹೊಗಳಿಕೆಯ ಸ್ನೇಹ ಅಲ್ಲ. 1911ರಲ್ಲಿ ರಷ್ಯನ್ ಕ್ರಾಂತಿಕಾರಿಗಳ ಬಗ್ಗೆ 'ಅಂಡರ್ ವೆಸ್ಟರ್ನ್ ಐಸ್' ಬಂದಾಗ ಇಬ್ಬರಿಗೂ ಜೋರಾಗಿ ತಿಕ್ಕಾಟ ಆಯಿತು. ಗಾರ್ನೆಟ್ ಮನೆಗೆ ರಷ್ಯಾದಿಂದ ದೇಶ ಬಿಟ್ಟು ಬಂದವರು ಬಂದು ಹೋಗುತ್ತಿದ್ದರು. ಕಾನ್ರಾಡ್‌ನ ಅಪ್ಪನನ್ನೂ ಅಮ್ಮನನ್ನೂ ರಷ್ಯಾದ ಸರ್ಕಾರ ಗಡೀಪಾರು ಮಾಡಿತ್ತು. ಈ ಪುಸ್ತಕದಲ್ಲಿ ರಷ್ಯಾದ ಮೇಲೆ ದ್ವೇಷ ಇದೆ ಅಂತ ಗಾರ್ನೆಟ್ ಹೇಳಿದ, ಕಾನ್ರಾಡ್ ಅದಕ್ಕೆ ಖಾರವಾಗಿಯೇ ಉತ್ತರ ಕೊಟ್ಟ. ಈ ವಿಷಯದಲ್ಲಿ ನಾನು ಕಾನ್ರಾಡ್ ಪಕ್ಷ. ಸ್ನೇಹ ಮಾತ್ರ ಮುರಿಯಲಿಲ್ಲ, 1924ರಲ್ಲಿ ಕಾನ್ರಾಡ್ ಸಾಯುವವರೆಗೂ ಉಳಿಯಿತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಬರೆಯುವ ಶಕ್ತಿ ಕಾನ್ರಾಡ್‌ದೇ, ಅದನ್ನು ಯಾರೂ ಕೊಡಲಿಲ್ಲ. ಆದರೆ ಎರಡನೇ ಪುಸ್ತಕ ಬರೆಯುವ ಧೈರ್ಯಕ್ಕೆ ಗಾರ್ನೆಟ್ ಕಾರಣ ಅಂತ ಸ್ವತಃ ಕಾನ್ರಾಡೇ ಬರೆದಿರುವಾಗ ಅದನ್ನು ಉತ್ಪ್ರೇಕ್ಷೆ ಅನ್ನಲು ನನ್ನಿಂದಾಗದು.

ಪ್ರಶ್ನೆ: 'ಸನ್ಸ್ ಅಂಡ್ ಲವರ್ಸ್' ಕಾದಂಬರಿಯ ಹತ್ತನೇ ಒಂದು ಭಾಗವನ್ನು ಈತ ಕತ್ತರಿಸಿ ಹಾಕಿದ್ದಾನೆ. ಇದು ಅನ್ಯಾಯ ಅಲ್ವಾ? ಯಾವ ಆವೃತ್ತಿ ಓದಬೇಕು?

ಉತ್ತರ: ಮೊದಲು ನಡೆದದ್ದನ್ನು ಹೇಳುತ್ತೇನೆ. 1911ರಲ್ಲಿ ಗಾರ್ನೆಟ್ ತಾನಾಗಿಯೇ ಲಾರೆನ್ಸ್‌ಗೆ ಪತ್ರ ಬರೆದು ಪರಿಚಯ ಮಾಡಿಕೊಂಡ. 1912ರಲ್ಲಿ ಈ ಕಾದಂಬರಿಯನ್ನು, ಆಗಿನ್ನೂ ಅದರ ಹೆಸರು 'ಪಾಲ್ ಮೊರೆಲ್', ಹೈನ್‌ಮನ್ ತಿರಸ್ಕರಿಸಿತು. ಲಾರೆನ್ಸ್ ಕುಸಿದು ಹೋಗಿದ್ದ. ಗಾರ್ನೆಟ್ ಅದನ್ನು ತರಿಸಿಕೊಂಡು ಓದಿ, ಎಲ್ಲಿ ಏನು ಮಾಡಬೇಕು ಅಂತ ಟಿಪ್ಪಣಿ ಬರೆದುಕೊಟ್ಟ. ಲಾರೆನ್ಸ್ ಇಟಲಿಯಲ್ಲಿ ಕೂತು ಪೂರ್ತಿ ಹೊಸದಾಗಿ ಬರೆದ. ಆದರೆ ಬರೆದು ಮುಗಿಸಿದ್ದು ಗಾರ್ನೆಟ್ ಆಗ ಕೆಲಸ ಮಾಡುತ್ತಿದ್ದ ಡಕ್‌ವರ್ತ್‌ಗೆ ತೀರಾ ಉದ್ದ ಅನ್ನಿಸಿತು. ಆಗ ಗಾರ್ನೆಟ್ ಪೆನ್ಸಿಲ್ ಹಿಡಿದು ಸುಮಾರು ಹತ್ತನೇ ಒಂದು ಭಾಗ ತೆಗೆದ. ಜಾಸ್ತಿ ಪೆಟ್ಟು ಬಿದ್ದದ್ದು ಕಥಾನಾಯಕ ಪಾಲ್‌ನ ಅಣ್ಣ ವಿಲಿಯಂನ ಭಾಗಗಳಿಗೆ. ಮೈಯ ಬಯಕೆ ಬಗ್ಗೆ ಇದ್ದ ಕೆಲವು ಸಾಲುಗಳೂ ಮೆತ್ತಗಾದವು. ಲಾರೆನ್ಸ್‌ಗೆ ಮೊದಲು ಬೇಸರ ಆಯಿತು, ಅಚ್ಚಿನ ಹಾಳೆ ನೋಡಿದ ಮೇಲೆ ಕತ್ತರಿಸಿದ್ದು ಚೆನ್ನಾಗಿದೆ ಅಂತ ಕೃತಜ್ಞತೆ ಹೇಳಿ ಪತ್ರ ಬರೆದ. ಆಮೇಲೆಯೇ ಪುಸ್ತಕದ ಅರ್ಪಣೆ. ಬಿಟ್ಟುಹೋದ ಭಾಗಗಳನ್ನೆಲ್ಲ ಸೇರಿಸಿದ ಆವೃತ್ತಿಯನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಕಾಶನ 1992ರಲ್ಲಿ ತಂದಿತು.

ಆಗ ಲಾರೆನ್ಸ್ ಹತ್ತಿರ ದುಡ್ಡಿರಲಿಲ್ಲ. ಮದುವೆಯಾಗಿ ಮೂರು ಮಕ್ಕಳಿದ್ದ ಫ್ರೀಡಾ ಜೊತೆ ಇಂಗ್ಲೆಂಡ್ ಬಿಟ್ಟು ಹೋಗಿದ್ದ. ಬೇಡ ಅನ್ನುವ ಸ್ಥಿತಿಯಲ್ಲಿ ಆತ ಇದ್ದನೇ ಅಂತ ಕೇಳಬೇಕಾದ ಪ್ರಶ್ನೆ ಅದು. ಹಾಗಾಗಿ ಆ ಕೃತಜ್ಞತೆಯ ಪತ್ರವನ್ನೇ ಹಿಡಿದು ಎಲ್ಲ ಸರಿ ಇತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ವಿಲಿಯಂನ ಭಾಗಗಳು ಹೋದದ್ದು ನನ್ನ ಮಟ್ಟಿಗೆ ನಷ್ಟವೇ. ಪುಸ್ತಕದ ಹೆಸರಲ್ಲೇ ಒಬ್ಬ ಮಗ ಅಲ್ಲ, ಮಕ್ಕಳು ಅಂತಿದೆ. ಅಮ್ಮ ಮೊದಲು ಹಿರಿಯ ಮಗನನ್ನು ಹೇಗೆ ಅಪ್ಪಿಕೊಂಡಳು ಅಂತ ಪೂರ್ತಿ ನೋಡಿದರೆ ತಾನೇ ಪಾಲ್‌ಗೆ ಮುಂದೆ ಆಗುವುದು ಎಷ್ಟು ಭಾರವಾದದ್ದು ಅಂತ ತಿಳಿಯುವುದು? ಆದರೆ 1913ರಲ್ಲಿ ಆ ಪುಸ್ತಕ ಹೊರಗೆ ಬಂದದ್ದೇ ಈ ಕತ್ತರಿಯ ದೆಸೆಯಿಂದ ಅನ್ನುವುದೂ ನಿಜ. ಮೊದಲ ಸಲ ಓದುವವರಾದರೆ 1992ರದ್ದನ್ನೇ ಓದಿ. ಹಳೆಯದನ್ನು ಓದಿದ್ದರೆ ಮತ್ತೆ ಓದಲು ಇದು ಒಳ್ಳೆಯ ನೆಪ.

ಪ್ರಶ್ನೆ: ಜೇಮ್ಸ್ ಜಾಯ್ಸ್‌ನನ್ನೇ ತಿರಸ್ಕರಿಸಿದವನು ದೊಡ್ಡ ವಿಮರ್ಶಕ ಹೇಗಾಗುತ್ತಾನೆ?

ಉತ್ತರ: ಕಷ್ಟದ ಪ್ರಶ್ನೆ, ಜಾರಿಕೊಳ್ಳುವುದಿಲ್ಲ. 1916ರ ಆರಂಭದಲ್ಲಿ ಡಕ್‌ವರ್ತ್‌ಗೆ ಜಾಯ್ಸ್‌ನ 'ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್' ಬಂತು. ಗಾರ್ನೆಟ್ ವರದಿ ಇಂದಿಗೂ ಲಭ್ಯ ಇದೆ. ಬರವಣಿಗೆಯಲ್ಲಿ ಸಾಮರ್ಥ್ಯ ಇದೆ, ಚಿತ್ರಣ ಗಮನ ಸೆಳೆಯುತ್ತದೆ ಅಂತ ಒಪ್ಪಿಕೊಳ್ಳುತ್ತಾನೆ. ಆದರೆ ಆಕಾರ ಇಲ್ಲ, ಹಿಡಿತ ಇಲ್ಲ, ಕೊಳಕು ಸಂಗತಿಗಳು ಅತಿಯಾಗಿ ಮುಂದೆ ಬಂದಿವೆ, ಇನ್ನೂ ಸಮಯ ಕೊಟ್ಟು ತಿದ್ದಬೇಕು ಅನ್ನುತ್ತಾನೆ. ಆ ವರ್ಷದ ಕೊನೆಗೆ ಅದೇ ಪುಸ್ತಕ ನ್ಯೂಯಾರ್ಕಿನಲ್ಲಿ ಹೊರಬಂತು. ಈ ವರದಿಯನ್ನು ಓದಿ ಜಾಯ್ಸ್‌ನ ಬೆನ್ನಿಗಿದ್ದ ಅಮೆರಿಕನ್ ಕವಿ ಎಜ್ರಾ ಪೌಂಡ್ ಕೆಂಡಾಮಂಡಲ ಆಗಿದ್ದ.

ಇದು ತಪ್ಪು ತೀರ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾಕೆ ಹಾಗಾಯಿತು ಅಂತ ನೋಡಿ. ಗಾರ್ನೆಟ್ ತುಂಬ ಪ್ರೀತಿಸಿದ ಲೇಖಕ ರಷ್ಯಾದ ತುರ್ಗೇನೆವ್. ಆತನ ಬಗ್ಗೆ 1917ರಲ್ಲಿ ಒಂದು ಪುಸ್ತಕವನ್ನೇ ಬರೆದ, ಅದಕ್ಕೆ ಮುನ್ನುಡಿ ಕಾನ್ರಾಡ್‌ದು. ತುರ್ಗೇನೆವ್‌ನಲ್ಲಿ ಕಥೆಗಾರ ಮಾತಾಡುವುದು ಕಡಿಮೆ, ಪಾತ್ರಗಳು ತಾವಾಗಿ ಎದ್ದು ನಿಲ್ಲುತ್ತವೆ, ಒಂದು ಸಾಲೂ ಹೆಚ್ಚಿಲ್ಲ. ಪಾತ್ರ ನಿಜವಾಗಿರಬೇಕು, ಕಟ್ಟೋಣ ಬಿಗಿಯಾಗಿರಬೇಕು ಅನ್ನುವ ಈ ಹಟದಿಂದಲೇ ಗಾರ್ನೆಟ್ ಕಾನ್ರಾಡ್‌ಗೂ ಲಾರೆನ್ಸ್‌ಗೂ ಅಷ್ಟು ಉಪಯೋಗಕ್ಕೆ ಬಂದ. ಅದೇ ಹಟ ಜಾಯ್ಸ್ ಮಾಡುತ್ತಿದ್ದ ಹೊಸದನ್ನು ಕಾಣಲು ಬಿಡಲಿಲ್ಲ.

ಲಾರೆನ್ಸ್ ಕೈತಪ್ಪಿದ್ದೂ ಹೀಗೇ. 'ದಿ ರೇನ್‌ಬೋ' ಆಗಲಿದ್ದ ಕಾದಂಬರಿಯ ಕರಡು ಗಾರ್ನೆಟ್‌ಗೆ ಹಿಡಿಸಲಿಲ್ಲ, ಪಾತ್ರಗಳು ಗಟ್ಟಿಯಾಗಿಲ್ಲ ಅನ್ನಿಸಿತು. 1914ರ ಜೂನ್‌ನಲ್ಲಿ ಲಾರೆನ್ಸ್ ಬರೆದ ಉತ್ತರ ಈಗ ಇಂಗ್ಲಿಷ್ ಕಾದಂಬರಿಯ ಚರಿತ್ರೆಯಲ್ಲೇ ಪ್ರಸಿದ್ಧ. ನನ್ನ ಪಾತ್ರಗಳಲ್ಲಿ ಹಳೆಯ ಥರದ ಸ್ಥಿರವಾದ 'ನಾನು' ಹುಡುಕಬೇಡ, ನಾನು ಅದಕ್ಕಿಂತ ಕೆಳಗಿನದ್ದನ್ನು ಬರೆಯುತ್ತಿದ್ದೇನೆ ಅನ್ನುವ ಅರ್ಥದ ಪತ್ರ. ಆಮೇಲೆ ಲಾರೆನ್ಸ್ 300 ಪೌಂಡ್ ಮುಂಗಡ ಕೊಟ್ಟ ಮೆಥುಯೆನ್ ಕಡೆ ಹೋದ. 1915ರ ಸೆಪ್ಟೆಂಬರ್‌ನಲ್ಲಿ ಬಂದ ಪುಸ್ತಕವನ್ನು ನವೆಂಬರ್‌ನಲ್ಲಿ ಅಶ್ಲೀಲ ಅಂತ ಕೋರ್ಟ್ ನಾಶ ಮಾಡಿಸಿತು. ಆ ಪತ್ರ ಬರೆಯಲು ಗಾರ್ನೆಟ್‌ನಂಥ ಎದುರಾಳಿಯೇ ಬೇಕಿತ್ತು ಅನ್ನಿಸುತ್ತದೆ ನನಗೆ. ತಾನು ಏನು ಮಾಡುತ್ತಿದ್ದೇನೆ ಅಂತ ಲಾರೆನ್ಸ್ ಸ್ಪಷ್ಟವಾಗಿ ಬಾಯಿಬಿಟ್ಟು ಹೇಳಿದ್ದು, ಒಪ್ಪದ ಆದರೆ ಗಂಭೀರವಾಗಿ ಓದುವ ಒಬ್ಬ ಮನುಷ್ಯನಿಗೆ.

ಪ್ರಶ್ನೆ: ಸ್ವಂತ ಬರವಣಿಗೆ ಇತ್ತಾ?

ಉತ್ತರ: ಇತ್ತು. ಕಾದಂಬರಿ, ಗದ್ಯಕಾವ್ಯ, ನಾಟಕ ಎಲ್ಲ ಬರೆದ, ಯಾವುದೂ ನಿಲ್ಲಲಿಲ್ಲ. ಉಳಿದದ್ದು ವಿಮರ್ಶೆ. 1922ರ 'ಫ್ರೈಡೇ ನೈಟ್ಸ್' ಪ್ರಬಂಧಗಳು ಈಗಲೂ ಓದಿಸಿಕೊಂಡು ಹೋಗುತ್ತವೆ. ನಾಟಕದ ವಿಷಯದಲ್ಲಿ ಒಂದು ಮುಖ್ಯ ಘಟನೆ ಇದೆ. ಆಗ ಇಂಗ್ಲೆಂಡಿನಲ್ಲಿ ನಾಟಕ ಆಡಲು ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆಯ ಅಧಿಕಾರಿಯ ಕಚೇರಿಯ ಅನುಮತಿ ಬೇಕಿತ್ತು. ಮದುವೆಯಾಗದೆ ಗರ್ಭಿಣಿಯಾದ ಹುಡುಗಿಯ ಕಥೆಯಿದ್ದ ಆತನ 'ದಿ ಬ್ರೇಕಿಂಗ್ ಪಾಯಿಂಟ್' ನಾಟಕಕ್ಕೆ 1907ರಲ್ಲಿ ಅನುಮತಿ ಸಿಗಲಿಲ್ಲ. ಗಾರ್ನೆಟ್ ಅದನ್ನು ಸೆನ್ಸಾರ್‌ಗೆ ಬರೆದ ಪತ್ರದ ಸಮೇತ ಅಚ್ಚು ಹಾಕಿಸಿದ. ಅದೇ ವರ್ಷ ಎಪ್ಪತ್ತರಷ್ಟು ನಾಟಕಕಾರರು ಸೆನ್ಸಾರ್ ವಿರುದ್ಧ ಸಹಿ ಹಾಕಿ ಪತ್ರಿಕೆಗೆ ಬರೆದರು, 1909ರಲ್ಲಿ ಪಾರ್ಲಿಮೆಂಟ್ ಸಮಿತಿಯೂ ಕೂತಿತು. ಆ ಸೆನ್ಸಾರ್ ಹೋದದ್ದು ಮಾತ್ರ 1968ರಲ್ಲಿ.

ಪ್ರಶ್ನೆ: ಟಾಲ್‌ಸ್ಟಾಯ್, ದಾಸ್ತೋವ್‌ಸ್ಕಿ ಅನುವಾದಗಳ ಮೇಲೆ ಕಾನ್‌ಸ್ಟನ್ಸ್ ಗಾರ್ನೆಟ್ ಅಂತ ಇರುತ್ತೆ. ಏನು ಸಂಬಂಧ?

ಉತ್ತರ: ಹೆಂಡತಿ. 1889ರಲ್ಲಿ ಮದುವೆ. ಕೇಂಬ್ರಿಜ್‌ನಲ್ಲಿ ಗ್ರೀಕ್, ಲ್ಯಾಟಿನ್ ಓದಿದವಳು, ಗಂಡನಿಗಿಂತ ಆರು ವರ್ಷ ದೊಡ್ಡವಳು. ಮಗ ಡೇವಿಡ್ ಹೊಟ್ಟೆಯಲ್ಲಿದ್ದಾಗ ಫೆಲಿಕ್ಸ್ ವೋಲ್ಖೋವ್‌ಸ್ಕಿ ಎಂಬ ರಷ್ಯನ್ ದೇಶಭ್ರಷ್ಟನ ಒತ್ತಾಸೆಯಿಂದ ರಷ್ಯನ್ ಕಲಿಯಲು ಶುರುಮಾಡಿದಳು. ಆಮೇಲೆ ತುರ್ಗೇನೆವ್, ಟಾಲ್‌ಸ್ಟಾಯ್, ದಾಸ್ತೋವ್‌ಸ್ಕಿ, ಚೆಕಾಫ್, ಗೊಗೋಲ್ ಎಲ್ಲ ಸೇರಿ ಸುಮಾರು ಎಪ್ಪತ್ತು ಸಂಪುಟ. 'ವಾರ್ ಅಂಡ್ ಪೀಸ್' ಮಾಡುವ ಹೊತ್ತಿಗೆ ಕಣ್ಣು ಹಾಳಾಯಿತು, ಬೇರೆಯವರಿಂದ ಓದಿಸಿಕೊಂಡು ಬರೆಸಿದಳು. ತುರ್ಗೇನೆವ್ ಸಂಪುಟಗಳಿಗೆ ಎಡ್ವರ್ಡ್ ಮುನ್ನುಡಿ ಬರೆದ. ಇಂಗ್ಲಿಷ್ ಓದುಗರಿಗೆ ಇಬ್ಬರಲ್ಲಿ ಯಾರು ಹೆಚ್ಚು ಕೊಟ್ಟರು ಅಂತ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಕಾನ್‌ಸ್ಟನ್ಸ್ ಅನ್ನುತ್ತೇನೆ. ಸಂಸಾರ ಬೇರೆ ದಾರಿ ಹಿಡಿಯಿತು, ಎಡ್ವರ್ಡ್ ಲಂಡನ್ನಿನಲ್ಲಿ ನೆಲಿ ಹೀತ್ ಎಂಬ ಕಲಾವಿದೆಯ ಜೊತೆ ಬಾಳಿದ, ಕಾನ್‌ಸ್ಟನ್ಸ್ ಸರ್ನ್‌ನಲ್ಲಿ ಉಳಿದಳು. ಗಂಡ ಹೆಂಡತಿಯ ಸ್ನೇಹ ಉಳಿದುಕೊಂಡಿತ್ತು.

ಪ್ರಶ್ನೆ: ನಾನೂ ಕಥೆ ಬರೆಯುತ್ತೇನೆ. ಸಂಪಾದಕರು ನನ್ನ ಕಥೆಯ ಕೊನೆ ಬದಲಿಸಿ ಅಂದಿದ್ದಾರೆ. ಸುಮ್ನೆ ಒಪ್ಪಿಕೊಳ್ಳಲಾ, ಜಗಳ ಆಡಲಾ?

ಉತ್ತರ: ಗಾಲ್ಸ್‌ವರ್ದಿಗೆ ಇದೇ ಆಗಿತ್ತು, ಅದನ್ನೇ ಹೇಳುತ್ತೇನೆ. 1905ರಲ್ಲಿ 'ದಿ ಮ್ಯಾನ್ ಆಫ್ ಪ್ರಾಪರ್ಟಿ' ಹಸ್ತಪ್ರತಿ ಓದಿದ ಗಾರ್ನೆಟ್‌ಗೆ ಪುಸ್ತಕ ತುಂಬ ಹಿಡಿಸಿತು, ಒಂದು ವಿಷಯ ಬಿಟ್ಟು. ವಾಸ್ತುಶಿಲ್ಪಿ ಬೊಸಿನ್ನಿ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ ಅಂತ ಇತ್ತು. ಈ ಮನುಷ್ಯ ಹಾಗೆ ಸಾಯುವವನಲ್ಲ ಅಂದ ಗಾರ್ನೆಟ್. ಗಾಲ್ಸ್‌ವರ್ದಿ ಬಿಡಲಿಲ್ಲ, ಉದ್ದದ ಪತ್ರಗಳಲ್ಲಿ ತನ್ನ ಕಾರಣ ಹೇಳಿದ. ಗಾರ್ನೆಟ್ ಕೂಡ ಬಿಡಲಿಲ್ಲ. ಕೊನೆಗೆ ಗಾಲ್ಸ್‌ವರ್ದಿ ಗಾರ್ನೆಟ್ ಹೇಳಿದ್ದನ್ನು ಹಾಗೇ ಹಾಕಲೂ ಇಲ್ಲ, ತನ್ನದನ್ನು ಹಾಗೇ ಉಳಿಸಿಕೊಳ್ಳಲೂ ಇಲ್ಲ. ಮಂಜು ಕವಿದ ಲಂಡನ್ನಿನ ಬೀದಿಯಲ್ಲಿ ಗಾಡಿ ಹರಿದು ಬೊಸಿನ್ನಿ ಸಾಯುತ್ತಾನೆ, ಬೇಕಂತಲೇ ಸತ್ತನಾ ಆಕಸ್ಮಿಕವಾ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆ ಅನುಮಾನದಿಂದಲೇ ಕೊನೆಯ ಅಧ್ಯಾಯಗಳು ಅಷ್ಟು ಕಾಡುವುದು. ಗಾಲ್ಸ್‌ವರ್ದಿಗೆ 1932ರಲ್ಲಿ ನೊಬೆಲ್ ಬಂತು.

ಹಾಗಾಗಿ ಜಗಳ ಆಡಿ, ಆದರೆ ಕಾರಣ ಕೊಟ್ಟು ಆಡಿ. ನಿಮ್ಮ ಪಾತ್ರ ಯಾಕೆ ಹಾಗೇ ಮಾಡುತ್ತದೆ ಅಂತ ಒಂದು ಪುಟ ಬರೆದು ಸಂಪಾದಕರಿಗೆ ಕಳಿಸಿ. ಬರೆಯುವಾಗ ಕಾರಣ ಸಿಗದಿದ್ದರೆ ಅವರು ಹೇಳಿದ್ದರಲ್ಲಿ ಹುರುಳಿದೆ ಅಂತ ಲೆಕ್ಕ.

ಪ್ರಶ್ನೆ: ಗಾರ್ನೆಟ್ ಬಗ್ಗೆ ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಕಾನ್ರಾಡ್ ತನಗೆ ಬರೆದ ಪತ್ರಗಳನ್ನು ಗಾರ್ನೆಟ್ 1928ರಲ್ಲಿ ಪುಸ್ತಕ ಮಾಡಿದ. ಮುನ್ನುಡಿಯಲ್ಲಿ ಮೊದಲ ಭೇಟಿಯ ನೆನಪು ಇದೆ, ಅಲ್ಲಿಂದ ಶುರು ಮಾಡಿ. ಆಮೇಲೆ ಎಚ್. ಇ. ಬೇಟ್ಸ್ ಬರೆದ ಸಣ್ಣ ನೆನಪಿನ ಪುಸ್ತಕ, 1950ರದ್ದು. ಬೇಟ್ಸ್‌ನ ಮೊದಲ ಕಾದಂಬರಿ 'ದಿ ಟೂ ಸಿಸ್ಟರ್ಸ್' 1926ರಲ್ಲಿ ಕೇಪ್‌ನಿಂದ ಬಂದದ್ದು ಗಾರ್ನೆಟ್ ಓದಿ ಮೆಚ್ಚಿದ ಮೇಲೆ. ಲೇಖಕನಿಗೆ ಆಗ ಇಪ್ಪತ್ತರ ಆಸುಪಾಸು, ಗಾರ್ನೆಟ್ ಅರವತ್ತರ ಹತ್ತಿರ. ಆ ವಯಸ್ಸಲ್ಲೂ ಹೊಸಬರನ್ನು ಬೈದು, ತಿದ್ದಿ, ಊಟ ಹಾಕಿ ಬೆಳೆಸುತ್ತಿದ್ದ. ಐರ್ಲೆಂಡಿನ ಶಾನ್ ಒ'ಫೆಲಾನ್‌ನ ಮೊದಲ ಕಥಾಸಂಕಲನಕ್ಕೆ 1932ರಲ್ಲಿ ಮುನ್ನುಡಿ ಬರೆದದ್ದೂ ಆತನೇ. ಪೂರ್ತಿ ಜೀವನಚರಿತ್ರೆ ಬೇಕಾದರೆ ಹೆಲೆನ್ ಸ್ಮಿತ್ ಬರೆದ 2017ರ 'ಆ್ಯನ್ ಅನ್‌ಕಾಮನ್ ರೀಡರ್' ಇದೆ. ಒಂದೇ ಸಲಹೆ: ಪತ್ರಗಳಿಗೆ ಕೈ ಹಾಕುವ ಮೊದಲು ಕಾನ್ರಾಡ್‌ನ ಮೊದಲ ಎರಡು ಕಾದಂಬರಿ ಓದಿಕೊಳ್ಳಿ, ಇಲ್ಲದಿದ್ದರೆ ಇಬ್ಬರೂ ಯಾವ ಅಧ್ಯಾಯದ ಬಗ್ಗೆ ಅಷ್ಟು ಹೊಡೆದಾಡುತ್ತಿದ್ದಾರೆ ಅಂತ ತಿಳಿಯುವುದಿಲ್ಲ.